ನನ್ನ ಲಿವರಿನ ತೀರ್ಪು ಕೇಳಲು ಯಶವಂತಪುರಕ್ಕೆ

ಕೋಗಿಲಿನಿಂದ ಯಶವಂತಪುರಕ್ಕೆ ನನ್ನ ಕಾರಿನಲ್ಲಿ ಹೋಗಿದ್ದರೆ ಮುಕ್ಕಾಲು ಗಂಟೆಯ ದಾರಿ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸಿಯೇ ಸಂಸಾರ ಸಾಕುತ್ತಿರುವವನು ನಾನು. ಆದರೂ ಆವತ್ತು ಬಸ್ಸಿಗೆ ಹೋದೆವು. “ಕುಡ್ಕರು ಓಡ್ಸೋ ಗಾಡಿ ನಾನ್ ಹತ್ತಲ್ಲ” ಎಂದು ನನ್ನ ಹೆಂಡತಿ ಮಂಜುಳ ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದೇಬಿಟ್ಟಳು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನಿಗೆ ಇಂಥ ಮಾತು! ಮೈಯೆಲ್ಲ ಉರಿದುಹೋಯಿತು.

ಕೋಗಿಲು ಕ್ರಾಸಿನಲ್ಲಿ ಬಸ್ಸು ತುಂಬಿತ್ತು. ಅವಳಿಗೆ ಬಿಟ್ಟಿ ಟಿಕೆಟ್ಟು, ನಾನು ಮಾತ್ರ ದುಡ್ಡು ಕೊಟ್ಟೆ. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಬಟ್ಟೆಬರೆ ತುಂಬಿದ ಚೀಲ ತಬ್ಬಿ ಕೂತಳು. ನಾನು ಹಿಂದೆ ಕಂಬಿಗೆ ಜೋತುಬಿದ್ದೆ. ಅಷ್ಟು ದೂರದಿಂದಲೂ ಆಗಾಗ ತಿರುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಆದದ್ದಿಷ್ಟು. ಕೆಲವು ತಿಂಗಳಿಂದ ನನಗೆ ತಲೆನೋವು, ಕೈಕಾಲಿನ ಚರ್ಮ ಒಣಗಿ ಸಿಪ್ಪೆ ಏಳುತ್ತಿತ್ತು. ಸ್ಕ್ಯಾನ್ ಮಾಡಿದವರು ಲಿವರ್ ಊದಿದೆ ಎಂದರು. ನಮ್ಮ ಕಡೆ ಲಿವರ್ ಎಂದರೆ ಕುಡಿತ, ಇನ್ನೊಂದು ಕಾಯಿಲೆಗೆ ಅಲ್ಲಿ ಜಾಗವೇ ಇಲ್ಲ. ಯಶವಂತಪುರದ ಆಸ್ಪತ್ರೆಯವರು ರಕ್ತ ತೆಗೆದು, ಪಕ್ಕೆಗೆ ಸೂಜಿ ಹಾಕಿ ಲಿವರಿನ ಒಂದು ಚೂರನ್ನೂ ತೆಗೆದಿದ್ದರು. ಚೂರೇ ತೆಗೆದರೋ, ಮುಷ್ಟಿಯಷ್ಟು ಕಿತ್ತುಕೊಂಡರೋ, ಕಂಡವರಾರು? ಇವತ್ತು ಅದರ ರಿಪೋರ್ಟು. ಕುಡಿತ ಎಂದು ಬಂದರೆ ಮಂಜುಳ ಅಲ್ಲಿಂದಲೇ ಶೆಟ್ಟಿಹಳ್ಳಿಯ ಅಣ್ಣನ ಮನೆಗೆ ಹೋಗುವವಳು. ಹೋದರೆ ತಿರುಗಿ ಬರುವ ಜಾತಿಯಲ್ಲ ಅವಳು.

ಹೆಬ್ಬಾಳದಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಬಿಸಿಲು, ಧೂಳು, ಹಾರ್ನು. ಫ್ಲೈಓವರಿನ ಕೆಳಗೆ ನಿಂತು ನೀರು ಕುಡಿದೆ. ಬಾಟಲಿಯನ್ನು ಕಿತ್ತುಕೊಂಡು ಮೂಸಿ ನೋಡಿದಳು!

“ನೀರು ಕಣೇ ಅದು!”

“ಊಟ ಆದ್ಮೇಲೆ ದಿನಾ ಕಾರ್ ಹತ್ರ ಹೋಗ್ತೀರಲ್ಲ, ಬಾಯಿ ಒರೆಸ್ಕೊಂಡು ಬರ್ತೀರಲ್ಲ, ಅದೂ ನೀರೇನಾ?”

ಇದಕ್ಕೆ ಉತ್ತರ ಇತ್ತು, ಹೇಳುವಂತಿರಲಿಲ್ಲ. ಸಂಜೆಯಾದರೆ ಎದುರು ಗಾಡಿಗಳ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಜೊತೆಯ ಡ್ರೈವರೊಬ್ಬ ಕಣ್ಣಿಗೆ ಒಳ್ಳೆಯದೆಂದು ಹಳದಿ ಗುಳಿಗೆ ಹೇಳಿಕೊಟ್ಟಿದ್ದ. ಕಣ್ಣು ಮಂಜು ಎಂದು ಗೊತ್ತಾದರೆ ಇವಳು ಸ್ಟಿಯರಿಂಗ್ ಮುಟ್ಟಲು ಬಿಡುತ್ತಾಳೆಯೇ? ಗುಳಿಗೆಯ ಡಬ್ಬಿ ಕಾರಿನಲ್ಲೇ ಇರುತ್ತಿತ್ತು. “ಚಾರ್ಜರ್ ತರೋಕೆ ಹೋಗಿದ್ದೆ” ಎಂದು ದಿನವೂ ಹೇಳುತ್ತಿದ್ದೆ.

ಬಿಇಎಲ್ ಸರ್ಕಲ್, ಗೊರಗುಂಟೆಪಾಳ್ಯ ದಾಟಿ ಯಶವಂತಪುರ ಮುಟ್ಟುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ಆಸ್ಪತ್ರೆಯ ಎದುರಿನ ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದೆ. ಚಟ್ನಿ ನೀರು ನೀರು. ಮಂಜುಳ ಏನೂ ಮುಟ್ಟಲಿಲ್ಲ. ಚೀಲವನ್ನು ಕೆಳಗಿಡಲೂ ಇಲ್ಲ.

ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ರಿಪೋರ್ಟುಗಳನ್ನು ಮಗುಚಿ ಹಾಕಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು, “ನೀವು ತಗೋತೀರಾ?”

ಬೆಂಗಳೂರಿನಲ್ಲಿ ಮರ್ಯಾದಸ್ಥರು ಕುಡಿತವನ್ನು ಕುಡಿತ ಎನ್ನುವುದಿಲ್ಲ, ‘ತಗೊಳ್ಳೋದು’ ಎನ್ನುತ್ತಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ದಾರಿಯುದ್ದಕ್ಕೂ ತಲೆಯಲ್ಲಿ ಆ ಗುಳಿಗೆಯೇ ಕೂತಿತ್ತು. ಈಯಮ್ಮ ಕಂಡುಹಿಡಿದೇಬಿಟ್ಟರು ಎಂದುಕೊಂಡೆ.

“ಹೂಂ ಮೇಡಂ, ತಗೋತೀನಿ. ದಿನಾ, ಊಟ ಆದ್ಮೇಲೆ. ಜಾಸ್ತಿ ಡ್ಯೂಟಿ ಇದ್ರೆ ಎರಡು.”

“ಕೇಳಿದ್ರಾ ಡಾಕ್ಟ್ರೇ!” ಮಂಜುಳ ಎದ್ದು ನಿಂತಳು. “ಬಾಯ್ಬಿಟ್ರು ನೋಡಿ! ಕಾರಲ್ಲಿ ಇಟ್ಕೊಂಡಿದ್ದೀರಾ ಇಲ್ವಾ, ಹೇಳ್ರೀ!”

“ಕಾರಲ್ಲೇ ಇದೆ. ಕಣ್ಣಿಗೋಸ್ಕರ ಕಣೇ!”

“ಕಣ್ಣಿಗೆ ಯಾರ್ರೀ ಕುಡೀತಾರೆ?”

“ಕುಡಿಯೋದಲ್ವೇ, ನುಂಗೋದು! ಹಳದಿ ಗುಳಿಗೆ!”

ಡಾಕ್ಟರು ಪೆನ್ನು ಕೆಳಗಿಟ್ಟರು. “ಹೋದ ಸಲ ಮಾತ್ರೆ ಏನಾದ್ರೂ ನುಂಗ್ತೀರಾ ಅಂತ ಕೇಳ್ದಾಗ ಇಲ್ಲ ಅಂದ್ರಲ್ಲ?”

“ಅದು ಮಾತ್ರೆ ಅಲ್ಲ ಮೇಡಂ. ತಾಕತ್ತಿಂದು.”

ಅವರು ಹಣೆ ಒತ್ತಿಕೊಂಡರು. ಆಮೇಲೆ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಆ ಗುಳಿಗೆ ವಿಟಮಿನ್ ಎ. ದಿನವೂ ನುಂಗಿದರೆ ಮಿಕ್ಕಿದ್ದೆಲ್ಲ ಲಿವರಿಗೆ ಹೋಗಿ ಸೇರುತ್ತದೆ. ನನ್ನ ರಕ್ತದಲ್ಲಿ ಅಳೆದರೆ ಎಲ್ಲ ಸರಿಯಾಗಿಯೇ ಇತ್ತು. ಲಿವರಿನ ಚೂರಿನಲ್ಲಿ ಅಳೆದಾಗ ತುಂಬಿ ತುಳುಕುತ್ತಿತ್ತು.

ನನಗೆ ಮತ್ತೆ ಅನುಮಾನ. “ಎರಡೂ ನಂದೇ ತಾನೆ ಮೇಡಂ? ಲ್ಯಾಬಲ್ಲಿ ಅದಲು ಬದಲು ಆಗಿರ್ಬೇಕು.”

“ನಿಮ್ಮನೇಲಿ ಸಂಪ್ ಇದೆಯೇನ್ರೀ? ನಲ್ಲೀಲಿ ನೀರು ಬರೋದು ನೋಡಿ ಸಂಪಲ್ಲಿ ಎಷ್ಟಿದೆ ಅಂತ ಹೇಳ್ತೀರಾ? ರಕ್ತ ನಲ್ಲಿ ಇದ್ದಂಗೆ. ಬೇಕಾದಷ್ಟೇ ಲಿವರ್ ಬಿಡುತ್ತೆ. ಮುಚ್ಚಳ ತೆಗೆದು ನೋಡಿದ್ರೇನೇ ಗೊತ್ತಾಗೋದು.”

ಮಂಜುಳ ಮೇಜಿನ ಮೇಲೆ ಬಗ್ಗಿದಳು. “ಹಾಗಾದ್ರೆ ಕುಡಿತ?”

“ಕುಡಿತದ ಗುರುತು ಇದರಲ್ಲಿಲ್ಲಮ್ಮ. ಗುಳಿಗೆ ಇವತ್ತಿಂದಾನೇ ಬಂದ್. ಸಂಪ್ ನಿಧಾನಕ್ಕೆ ಇಳಿಯುತ್ತೆ. ಮೊದಲು ಕಣ್ಣಿನ ಡಾಕ್ಟರ್‌ಗೆ ತೋರಿಸಿ.”

ಹೊರಗೆ ಬಂದಾಗ ಶೆಟ್ಟಿಹಳ್ಳಿ ಕಡೆಯ ಬಸ್ಸು ಎದುರಿಗೇ ನಿಂತಿತ್ತು. ಅವಳು ಅದರ ಕಡೆ ನೋಡದೆ ಹೆಬ್ಬಾಳದ ಬಸ್ಸು ಹತ್ತಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಸೀಟು ಸಿಕ್ಕಿ ಅವಳ ಪಕ್ಕದಲ್ಲಿ ಕೂತವನು ತಡೆಯಲಾರದೆ ಅಂದುಬಿಟ್ಟೆ: “ಸೂಜಿ ಹೇಳಿದ್ರೆ ನಂಬ್ತೀಯ. ಗಂಡ ಬಾಯಿ ಬಡ್ಕೊಂಡ್ರೂ ನಂಬಲ್ಲ. ಇಷ್ಟೇ ಅಲ್ವಾ ನನ್ನ ಬೆಲೆ?”

ಮದುವೆಗೆ ಮೊದಲೇ ತೀರಿಕೊಂಡ ಅವಳಪ್ಪನ ವಿಷಯ ಅವಳು ಎತ್ತಿದವಳಲ್ಲ. ಈಗ ಎತ್ತಿದಳು.

“ನಮ್ಮಪ್ಪನೂ ಕುಡಿಯಲ್ಲ ಅಂತಿದ್ರು ರೀ. ನನ್ನ ತಲೆ ಮೇಲೆ ಕೈಯಿಟ್ಟು ಆಣೆ ಮಾಡೋರು. ಆ ಕೈಯೇ ವಾಸ್ನೆ ಹೊಡೀತಿತ್ತು.”

ಅವಳು ನನ್ನ ಕೈ ಎಳೆದುಕೊಂಡು, ಅಷ್ಟು ಜನರ ನಡುವೆ, ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

“ಏನೂ ಇಲ್ಲ” ಎಂದಳು. ಹೆಬ್ಬಾಳ ಬರುವವರೆಗೂ ಕೈ ಬಿಡಲಿಲ್ಲ.