ಹೊಟ್ಟೆಯೊಳಗಿನ ಖಡೆ

ಮರಾಠಿ ಸೀಮೆಯ ಗಡಿಯ ನಮ್ಮ ಊರು ವಲಾಂಡಿಯಲ್ಲಿ ಬೆಳಗಾದರೆ ಎಲ್ಲರೂ ನೀರಿನ ಚರಗಿ ಹಿಡಿದು ಹೊಲದ ಕಡೆ ನಡೆಯುತ್ತಿದ್ದ ದಿನಗಳವು. ನನಗೆ ಎಂಟು ವರ್ಷ. ಅವತ್ತು ಅಂಗಳ ಗುಡಿಸಿದ್ದೆ, ಕರುವಿಗೆ ನೀರು ಕುಡಿಸಿದ್ದೆ, ಅವ್ವನ ಜೊತೆ ಕುಳ್ಳು ತಟ್ಟಿದ್ದೆ, ಅಪ್ಪನ ತಾಯಿ ಆಯಿಯ ಎಲೆ-ಅಡಿಕೆ ಡಬ್ಬಿ ಒರೆಸಿಟ್ಟಿದ್ದೆ, ಮರಾಠಿ ಶಾಲೆಯ ಪಾಠ ಎರಡು ಸಲ ಬರೆದಿದ್ದೆ. ಒಂದು ಕೆಲಸ ಮಾತ್ರ ಐದು ದಿನದಿಂದ ಆಗಿರಲಿಲ್ಲ. ಚರಗಿ ತುಂಬಿಕೊಂಡು ಹೋಗುತ್ತಿದ್ದೆ, ನೀರು ಚೆಲ್ಲಿ ಬರುತ್ತಿದ್ದೆ. ಕೇಳಿದರೆ "ಆತು" ಎನ್ನುತ್ತಿದ್ದೆ.

ಸೀತನಿಯ ಕಾಲ. ಹಸಿ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿ ಕಾಳನ್ನು ಬೆಲ್ಲದೊಂದಿಗೆ ಮುಕ್ಕಿ, ನೀರು ಕುಡಿಯುವುದನ್ನೇ ಮರೆತು ಆಡಿದ್ದೆ. ಒಮ್ಮೆ ಕೂತಾಗ ನೋವಿಗೆ ಕಣ್ಣಿಗೆ ಕತ್ತಲೆ ಬಂತು. ಆಮೇಲೆ ಕೂರಲಿಕ್ಕೇ ಹೆದರಿಕೆ. ಬಂದರೂ ಕಾಲು ಬಿಗಿಹಿಡಿದು ತಡೆದುಬಿಡುತ್ತಿದ್ದೆ.

ಊಟ ಬೇಡವೆಂದಾಗ ಅವ್ವ ಹೊಟ್ಟೆ ಮುಟ್ಟಿ ನೋಡಿ ಗಾಬರಿಯಾದಳು. ಆಯಿ ಮಾತ್ರ ಕೂತಲ್ಲಿಂದಲೇ ಹೇಳಿದಳು: "ಸಾಬಾನದ ಚೂರ ಕೆತ್ತಿ ಹಿಂದ ಇಡು, ತಾನ ಹೊರಗ ಬರ್ತದ. ನಿನ್ನ ಗಂಡ ಸಣ್ಣಾವಿದ್ದಾಗ ಅವಗೂ ನಾ ಹಂಗೇ ಮಾಡೀನಿ."

"ಬ್ಯಾಡ್ರಿ ಅತ್ತಿ. ನಾಳಿ ದೇವಣಿ ದವಾಖಾನಿಗಿ ತೋರಸ್ತೀನಿ."

"ತೋರಸು, ತೋರಸು. ಈಗಿನವರಿಗಿ ಹೇಲಿಗೂ ಡಾಕ್ಟರ ಬೇಕು!"

ದೇವಣಿಯ ಡಾಕ್ಟರು ಹೊಟ್ಟೆ ಮೆಲ್ಲಗೆ ಒತ್ತಿ, ಅವ್ವನಿಗೆ ಮರಾಠಿಯಲ್ಲಿ ಹೇಳಿದರು: "ಪೋಟಾತ ಖಡೆ ಝಾಲೇತ."

ಮುಂದಿನದು ನನಗೆ ಕೇಳಿಸಲೇ ಇಲ್ಲ. ಖಡಾ ಎಂದರೆ ಕಲ್ಲು, ಖಡೆ ಎಂದರೆ ಕಲ್ಲುಗಳು; ನನ್ನ ಹೊಟ್ಟೆಯಲ್ಲಿ ಕಲ್ಲುಗಳಾಗಿವೆ! ಹಿಂದಿನ ವರ್ಷ ನೆರೆಮನೆಯ ಶಿವಪ್ಪ ಕಾಕಾನಿಗೆ ಖಡಾ ಆಗಿ, ಲಾತೂರಿನಲ್ಲಿ ಹೊಟ್ಟೆ ಕೊಯ್ದು ತೆಗೆದಿದ್ದರು. ಕಾಕಾ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಿದ್ದ. ಕಾಗದದ ಪುಡಿಕೆಯಲ್ಲಿದ್ದ ಆ ಕಲ್ಲನ್ನು ನಾವೆಲ್ಲ ಸಾಲಾಗಿ ನಿಂತು ಮುಟ್ಟಿದ್ದೆವು.

ಮನೆಗೆ ಬಂದ ಮೇಲೆ ಉಪಚಾರ ಶುರುವಾಯಿತು. ಡಾಕ್ಟರು ಕೊಟ್ಟ ಸಿಹಿ ಔಷಧಿ ಅಳೆದು ಒಂದು ಚಮಚ, ನೆನೆಸಿದ ಒಣದ್ರಾಕ್ಷಿ, ಪಪ್ಪಾಯಿ ಹೋಳು, ತುಪ್ಪ ಬಿಟ್ಟ ಬೇಳೆಕಟ್ಟು, ಮತ್ತೆ ಮತ್ತೆ ನೀರು. ಸಾಬೂನೂ ಬೇಡ, ಔಡಲೆಣ್ಣೆಯೂ ಬೇಡ, ವಾಂತಿಯಾದರೆ ಅಥವಾ ಹೊಟ್ಟೆ ಉಬ್ಬಿದರೆ ಮಾತ್ರ ತಡಮಾಡದೆ ಕರೆತನ್ನಿ ಎಂದಿದ್ದರಂತೆ. ಯಾರೂ ಬೈಯಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಹಿಂದಿನ ಮನೆಯವರು ಬೀರಪ್ಪ ದೇವರ ಹರಕೆಯ ಟಗರಿಗೆ ಕಡಿಯುವ ಮುನ್ನ ಹೀಗೇ ಒಳ್ಳೊಳ್ಳೆಯದು ತಿನ್ನಿಸಿ ಬೆನ್ನು ಸವರುತ್ತಿದ್ದರು.

ಮರುದಿನ ಊಟವಾದ ಮೇಲೆ ಅವ್ವ ಹಿತ್ತಲಲ್ಲಿ ಹಳೆ ಸೀರೆಯ ಮರೆ ಕಟ್ಟಿ, ಎರಡು ಇಟ್ಟಂಗಿ ಇಟ್ಟು ಕರೆದಳು: "ಬಾ, ಸುಮ್ಮ ಕೂಡು. ಬರದಿದ್ರ ಬಿಡು."

ಕೊಯ್ಯುವ ಜಾಗ ಇದೇ ಎಂದುಕೊಂಡು ನಾನು ಕಂಬ ಅಪ್ಪಿಕೊಂಡೆ.

"ಕೊಯ್ಯೂದು ಬ್ಯಾಡವ್ವಾ. ಖಡೆ ಒಳಗೇ ಇರಲಿ."

"ಏನ ಕೊಯ್ಯೂದು?"

"ಶಿವಪ್ಪ ಕಾಕಾಗ ಕೊಯ್ದಂಗ."

ಅವ್ವ ನಗಲಿಲ್ಲ. ಕೆಳಗೆ ಕೂತು, ಸೆರಗಿನಿಂದ ನನ್ನ ಮೂಗು ಒರೆಸಿದಳು. "ಹುಚ್ಚಿ, ಒಣಗಿದ ಹೇಲಿಗೂ ಮರಾಠ್ಯಾಗ ಖಡೆ ಅಂತಾರ. ಆಡಿನ ಹಿಕ್ಕಿ ಇರ್ತಾವಲ್ಲ, ಹಂಗ. ನೀರ ಕುಡಿದ್ರ ಮೆತ್ತಗಾಗ್ತಾವ. ಕೊಯ್ಯಾಕ ನೀ ಏನ ಕುಂಬಳಕಾಯಿ ಏನ?"

ಒಳಗಿನಿಂದ ಆಯಿ ಕೂಗಿದಳು: "ಐದ ದಿನ ಸುಳ್ಳ ಹೇಳ್ಯಾಳ. ಮೊದಲ ನಾಲಿಗಿ ಕೊಯ್ಯಿ!"

ಅವತ್ತು ಏನೂ ಆಗಲಿಲ್ಲ. ಅದರ ಮರುದಿನವೂ ಇಲ್ಲ. ಊಟವಾದ ಮೇಲೆ ನಾನು ಕೂರುತ್ತಿದ್ದೆ. ಸೀರೆಯ ಆಚೆ ಅವ್ವ ಬೆನ್ನು ಮಾಡಿಕೊಂಡು ಕಾಳು ಹಸನು ಮಾಡುತ್ತಿದ್ದಳು. ಆಯಿತೇನು ಎಂದು ಒಮ್ಮೆಯೂ ಕೇಳಲಿಲ್ಲ. ಮೂರನೆಯ ಮಧ್ಯಾಹ್ನ ಕಣ್ಣು ಮುಚ್ಚಿ, ತಡೆಯುವುದನ್ನು ಬಿಟ್ಟೆ. ನೋವು ನಾನು ಅಂಜಿದಷ್ಟು ಇರಲಿಲ್ಲ.

"ಅವ್ವಾ, ಆತು!"

ಸೀರೆಯ ಆಚೆ ಅವ್ವ ಅಳುತ್ತ ಮೂಗು ಏರಿಸಿದ ಸದ್ದು ಕೇಳಿತು.

ಈಗ ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ, ಆಸ್ಪತ್ರೆಯ ಕಾಗದವನ್ನೂ ಓದಿಕೊಳ್ಳುತ್ತೇನೆ. ಓದುವಾಗಿನ ಅಂಜಿಕೆ ಮಾತ್ರ ಹಾಗೇ ಇದೆ. ನಗದೆ ಕೇಳಿಸಿಕೊಂಡು, ಆಚೆ ಕೂತು ಕಾಯುತ್ತಿದ್ದ ಅವ್ವ ತೀರಿಹೋಗಿ ಆರು ವರ್ಷವಾಯಿತು.

ನನ್ನ ಖಡೆ ಹೊರಗೆ ಬಂದ ಆ ಸಂಜೆ ಜೋಳದ ನುಚ್ಚು, ಮಜ್ಜಿಗೆ. ನಾನು ಎರಡು ಸಲ ಹಾಕಿಸಿಕೊಂಡೆ. ಎಲ್ಲರಿಗಿಂತ ಮೊದಲು ನಿದ್ದೆಹೋದವಳು ಅಷ್ಟು ರಾತ್ರಿ ಸರಿಯಾಗಿ ಮಲಗದ ಅವ್ವ, ತನ್ನ ನುಚ್ಚನ್ನು ಗಂಗಾಳದಲ್ಲೇ ಬಿಟ್ಟು, ಗೋಡೆಗೆ ತಲೆಯಾನಿಸಿ.