ಸುಮ್ನೆ ಮನೇಲಿರೋಳು

ಆಸ್ಪತ್ರೆಯ ಪರದೆ ಎಂದರೆ ಒಂದು ತೆಳ್ಳಗಿನ ಹಸಿರು ಬಟ್ಟೆ, ಅಷ್ಟೆ. ಆಚೆ ಆಡಿದ ಮಾತೆಲ್ಲ ಈಚೆಗೆ ಕೇಳಿಸುತ್ತದೆ ಎಂಬ ಬುದ್ಧಿ ಆಚೆ ಕೂತವರಿಗೆ ಇರುವುದಿಲ್ಲ. ಈಚೆ ಮಂಚದ ಮೇಲೆ ಹೊಟ್ಟೆಯ ಹೊಲಿಗೆ ತೋರಿಸಿ ಮಲಗಿದ್ದವಳು ಟೈಲರನ ಹೆಂಡತಿ. ಆಚೆ ಡಾಕ್ಟರಮ್ಮನ ಎದುರಿಗೆ ಕೂತಿದ್ದವನು ಟೈಲರು.

"ಗರ್ಭಕೋಶ ತೆಗ್ದಿರೋದು, ಸಣ್ಣ ವಿಷಯ ಅಲ್ಲ. ಮೂರು ತಿಂಗಳು ಭಾರ ಎತ್ಬಾರ್ದು, ಬಗ್ಗಿ ಕೂತು ಕೆಲ್ಸ ಮಾಡ್ಬಾರ್ದು. ಮನೇಲಿ ಇವರು ಏನ್ ಕೆಲ್ಸ ಮಾಡ್ತಾರೆ?" ಎಂದು ಡಾಕ್ಟರಮ್ಮ ಕೇಳಿದರು.

"ಅಯ್ಯೋ, ಅದರ ಯೋಚ್ನೇನೇ ಇಲ್ಲ ಡಾಕ್ಟ್ರೇ. ಕೆಲ್ಸ ಗಿಲ್ಸ ಏನೂ ಇಲ್ಲ. ಸುಮ್ನೆ ಮನೇಲಿರ್ತಾಳೆ."

ಅವಳ ಕಿವಿ ನೆಟ್ಟಗಾಯಿತು. ಸುಮ್ನೆ! ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಅವಳ ಹೆಸರು ಗೊತ್ತಿಲ್ಲದವರೂ 'ಕಾಜಾ ಅಮ್ಮ' ಎಂದರೆ ಮನೆ ತೋರಿಸುತ್ತಾರೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಮುಂದೆ ಟೈಲರು ಕತ್ತರಿಸಿ ಮಿಷನ್ ಓಡಿಸಿದರೆ, ಹಿಂದೆ ಬಾಗಿಲ ಬೆಳಕಿಗೆ ಬೆನ್ನು ಬಗ್ಗಿಸಿ ಕೂತು ಗುಂಡಿ ತೂರುವ ತೂತು ಕತ್ತರಿಸಿ, ಅದರ ಅಂಚಿಗೆ ನೂಲು ಸುತ್ತಿ ಕಾಜಾ ಮಾಡುವವಳು ಅವಳು. ಗುಂಡಿ ಹಚ್ಚುವವಳೂ ಅವಳೇ, ಪ್ಯಾಂಟಿನ ತುದಿ ಮಡಚಿ ಹೊಲಿಯುವವಳೂ ಅವಳೇ. ಮದುವೆಯಾಗಿ ಬಂದ ಮರುವಾರವೇ ಸೂಜಿ, ನೂಲು, ಬಟ್ಟೆ ತುಂಬಿದ ಕಾಜಾ ಚೀಲ ಅವಳ ಮಡಿಲಿಗೆ ಬಿದ್ದಿತ್ತು. ಅಡುಗೆ, ನೀರು, ಪಾತ್ರೆ, ಮಗನ ಜ್ವರ, ಅತ್ತೆಯ ಕೊನೆಗಾಲದ ಆರೈಕೆ ಎಲ್ಲವೂ ಆ ಚೀಲದ ಎಡೆಯಲ್ಲೇ ನಡೆದುಹೋದವು.

ರಕ್ತ ಹೋಗಲು ಶುರುವಾದಾಗ ಅವಳು ಗಂಡನಿಗೆ ಹೇಳಿದ್ದಳು. "ಈ ಸೀಸನ್ ಒಂದು ಮುಗೀಲಿ, ಹೋಗೋಣ" ಎಂದ. ಮದುವೆ ಸೀಸನ್ ಮುಗಿದರೆ ಸ್ಕೂಲ್ ಯೂನಿಫಾರಂ ಸೀಸನ್. ಅದು ಮುಗಿಯುವ ಹೊತ್ತಿಗೆ ಮತ್ತೆ ಮದುವೆ. ಟೈಲರಿಗೆ ಸೀಸನ್ ಮುಗಿಯಲಿಲ್ಲ, ಅವಳ ಮೈಯಲ್ಲಿ ರಕ್ತ ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಕಾಜಾ ಮಾಡುತ್ತಲೇ ಕಣ್ಣು ಕತ್ತಲೆ ಬಂದು ಕೂತಲ್ಲೇ ವಾಲಿಬಿಟ್ಟಳು. ಗಂಡ ಓಡಿ ಬಂದ. ಬಂದವನು ಮೊದಲು ಎತ್ತಿದ್ದು ಅವಳ ಮಡಿಲಲ್ಲಿದ್ದ ಗಿರಾಕಿಯ ಬಿಳಿ ಶರ್ಟನ್ನು. ಕಲೆಯಾದೀತು ಎಂದು ಅದನ್ನು ಮೇಜಿನ ಮೇಲಿಟ್ಟು, ಆಮೇಲೆ ಅವಳನ್ನು ಎತ್ತಿದ. ಕಣ್ಣು ಮಂಜಾಗಿದ್ದರೂ ಅವಳು ಅದನ್ನು ನೋಡಿದ್ದಳು.

ಆಸ್ಪತ್ರೆಯಿಂದ ಮನೆಗೆ ಬರುವ ಆಟೋದಲ್ಲಿ ಗಂಡ ಪಕ್ಕದಲ್ಲೇ ಕೂತು, ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಡ್ರೈವರನಿಗೆ "ನಿಧಾನ, ನಿಧಾನ" ಎನ್ನುತ್ತಿದ್ದ. ಇವಳು ಹೊಟ್ಟೆ ಹಿಡಿದುಕೊಂಡು ಮನಸ್ಸಿನಲ್ಲೇ ಅಂದುಕೊಂಡಳು: ನಿಮ್ಮನ್ನ ಸುಮ್ನೆ ಬಿಡಲ್ಲ ರೀ. ಯಾರ ಮುಂದೆ ಆ ಮಾತು ಆಡಿದ್ರೋ, ಅವರ ಮುಂದೇನೇ ನುಂಗಿಸ್ತೀನಿ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ ಮೆತ್ತೆಯ ಕುರ್ಚಿಯನ್ನು ಮಗನ ಕೈಲಿ ಎತ್ತಿಸಿ, ಅಂಗಡಿಗೂ ಮನೆಗೂ ನಡುವಿನ ಬಾಗಿಲಲ್ಲಿ ಹಾಕಿಸಿದಳು. ಬೆನ್ನಿಗೊಂದು ದಿಂಬು ಇಟ್ಟುಕೊಂಡು ಕೂತಳು. ಗಂಡ ನಾಲ್ಕು ದಿನ ತಡೆದ. ಐದನೆಯ ದಿನ ಚೀಲ ತಂದು ಕುರ್ಚಿಯ ಪಕ್ಕಕ್ಕೆ ಇಟ್ಟ.

"ಮಿಷನ್ ತುಳಿಯೋದೇನಲ್ವಲ್ಲೇ. ಕೂತ ಕಡೆ ಎರಡು ಗುಂಡಿ ಹಾಕಿದ್ರೆ ಏನಾಗತ್ತೆ?"

"ಬೇಡಪ್ಪ. ಡಾಕ್ಟ್ರ ಹತ್ರ ಹೇಳಿ ಬಂದಿದೀರಿ, ಸುಮ್ನೆ ಮನೇಲಿರ್ತಾಳೆ ಅಂತ. ನಾಳೆ ನಿಮ್ಮ ಮಾತು ಸುಳ್ಳಾಗ್ಬಾರ್ದು ನೋಡಿ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಚೀಲ ಎತ್ತಿಕೊಂಡು ಅಂಗಡಿಗೆ ಹೋದ. ಇವಳ ಹೊಟ್ಟೆ ಒಂದಿಷ್ಟು ತಣ್ಣಗಾಯಿತು, ಪೂರ್ತಿ ಆಗಲಿಲ್ಲ.

ಸುಮ್ಮನಿರುವುದು ಎಂಥ ಔಷಧಿ ಎಂದು ಅವಳಿಗೆ ಆಗ ತಿಳಿಯಿತು. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಎಂಜಿನ್ ಬಿಚ್ಚುವವನಿಗೆ ಅಡುಗೆ ಬಾರದೇ ಎಂದು ಅವನನ್ನು ಒಲೆಯ ಮುಂದೆ ನಿಲ್ಲಿಸಿದಳು. ಮೊದಮೊದಲು ಸೀದದ್ದೇ ಊಟ, ಆಮೇಲಾಮೇಲೆ ಕೈ ಪಳಗಿತು. ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದನ್ನು ನಿಂತೇ ಉಣ್ಣುತ್ತಿದ್ದವಳು ಈಗ ಎಲ್ಲರಿಗಿಂತ ಮೊದಲು, ಬಿಸಿ ಇರುವಾಗಲೇ, ಕೂತು ಉಂಡಳು. ಕಬ್ಬಿಣಾಂಶದ ಮಾತ್ರೆ ನುಂಗಿದಳು. ಬೀದಿಯ ತುದಿಯವರೆಗೆ ನಡೆದು ಬಂದಳು, ಆಮೇಲೆ ಅಲ್ಲಿಂದಾಚೆಗೂ ಹೋದಳು. ಸುಣ್ಣದ ಗೋಡೆಯಂತಿದ್ದ ಮುಖಕ್ಕೆ ಬಣ್ಣ ಬಂತು. ಕನ್ನಡಿ ನೋಡಿ, ಇಷ್ಟು ದಿನ ಈ ಮುಖವನ್ನು ಯಾರು ತಿಂದರು ಎಂದು ಮತ್ತೆ ಸಿಟ್ಟು ಬಂತು.

ಟೈಲರು ಅಷ್ಟು ಬೇಗ ಸೋಲುವ ಆಸಾಮಿಯಲ್ಲ. ಒಂದು ಸಂಜೆ ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಅವಳು ಮೆಡಿಕಲ್ ಶಾಪಿನಲ್ಲಿ ಇಡೀ ದಿನ ನಿಂತು ಬಂದ ಹುಡುಗಿ. ಮಾವ ಚೀಲ ಎತ್ತಿ ಅವಳ ಮುಂದೆ ಹಿಡಿದ. "ಸಂಜೆ ಹೊತ್ತು ಸುಮ್ನೆ ಇರ್ತೀಯಲ್ಲಮ್ಮ, ನಿಮ್ಮತ್ತೆ ಹತ್ರ ಕೇಳಿ ಕಲಿತ್ಕೋ."

ಹುಡುಗಿ ಪಾಪ, ಮುಖ ಬಾಡಿಸಿಕೊಂಡು ಕೈ ಚಾಚಿಯೂ ಬಿಟ್ಟಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಅತ್ತೆಗೂ ಸೊಸೆಗೂ ಕಾಲ ಬರುವ ಲಕ್ಷಣವಿರಲಿಲ್ಲ, ಚೀಲಕ್ಕೆ ಮಾತ್ರ ಒಂದಾದ ಮೇಲೊಂದು ಮಡಿಲು ಸಿಗುತ್ತಿತ್ತು. ಕಾಜಾ ಅಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ತಾನು ಬೀಸಿದ ಏಟು ಗಂಡನನ್ನು ತಪ್ಪಿಸಿ ಈ ಮಗುವಿಗೆ ಬೀಳುತ್ತಿದೆಯಲ್ಲ!

"ಅದನ್ನ ಮುಟ್ಬೇಡ ಕಣೇ," ಎಂದು ಎದ್ದು ನಿಂತಳು. "ರೀ, ಈ ಚೀಲ ಅವಳ ಮಡಿಲಿಗೆ ಬಿದ್ರೆ ನಾನು ಮಗ ಸೊಸೇನ ಕರ್ಕೊಂಡು ಬೇರೆ ಮನೆ ಮಾಡ್ತೀನಿ. ಅಂಗಡೀಲಿ ನೀವೂ ನಿಮ್ಮ ಮಿಷನ್ನೂ ಸಂಸಾರ ಮಾಡ್ಕೊಂಡಿರಿ."

"ಏನೋ ತಮಾಷೆಗೆ ಅಂದೆ" ಎನ್ನುತ್ತ ಟೈಲರು ಚೀಲದ ಜೊತೆ ಅಂಗಡಿಗೆ ಹಿಂದಿರುಗಿದ. "ಅತ್ತೆ, ನನ್ನಿಂದ ನಿಮ್ಮಿಬ್ರಿಗೂ ಜಗಳ..." ಎಂದು ಸೊಸೆ ತಡವರಿಸಿದಳು. "ನಿನ್ನಿಂದ ಅಲ್ಲಮ್ಮ, ನೀನು ಹುಟ್ಟೋಕೆ ಮುಂಚಿನ ಜಗಳ ಇದು. ಹೋಗು, ಕಾಲು ಚಾಚಿ ಕೂತ್ಕೋ."

ಹೀಗೆ ಸೂಜಿ ಟೈಲರನ ಕೈಗೇ ಬಂತು. ಅದೇ ಹೊತ್ತಿಗೆ ಒಂದು ಹೋಟೆಲಿನಿಂದ ಸಪ್ಲೈಯರುಗಳ ಕೋಟುಗಳ ದೊಡ್ಡ ಆರ್ಡರೂ ಬಂತು. ಎಲ್ಲ ಹೊಲಿದಾಯಿತು, ಕಾಜಾ ಮಾತ್ರ ಬಾಕಿ. ಕೈಕೆಲಸ ಬಿಟ್ಟು ಎಷ್ಟೋ ಕಾಲವಾದವನು ಕೋಟನ್ನು ಮೇಜಿನ ಮೇಲೆ ಹರಡಿದ. ಹರಡುವಾಗ ಕಾಲರನ್ನು ತನ್ನ ಹೊಟ್ಟೆಯ ಕಡೆಗೆ ಇಟ್ಟುಕೊಂಡ. ತೊಡುವವರ ಎಡಕ್ಕೆ ಗಂಡಸರ ಕಾಜಾ, ಬಲಕ್ಕೆ ಹೆಂಗಸರದು. ಕಾಲರು ಆಚೆಗಿದ್ದರೆ ನಮ್ಮ ಬಲಗೈಗೆ ಸಿಗುವುದು ಗಂಡಸರ ಕಾಜಾದ ಮಗ್ಗುಲು. ತಿರುಗಿಸಿ ಇಟ್ಟರೆ ಅದೇ ಬಲಗೈಗೆ ಹೆಂಗಸರ ಕಾಜಾದ ಮಗ್ಗುಲು ಸಿಗುತ್ತದೆ. ಅವಸರದಲ್ಲಿದ್ದವನಿಗೆ ಅದು ಹೊಳೆಯಲಿಲ್ಲ. ಬಲಗೈ ಕಡೆಗೇ ಸೀಮೆಸುಣ್ಣದ ಗೀಟು ಎಳೆಯುತ್ತ ಹೋದ.

ಬಾಗಿಲ ಕುರ್ಚಿಯಿಂದ ಅವಳು ನೋಡಿದಳು. ಗೀಟು ಒರೆಸಿದರೆ ಹೋಗುತ್ತದೆ. ಕತ್ತರಿ ಆಡಿದ ಮೇಲೆ ಬ್ರಹ್ಮ ಬಂದರೂ ಕೂಡಿಸಲಾರ. 'ರೀ' ಎಂಬ ಒಂದಕ್ಷರ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಆ ಬಿಳಿ ಶರ್ಟೂ ಕಣ್ಣ ಮುಂದೆ ಬಂತು. ಅಕ್ಷರವನ್ನು ನುಂಗಿಕೊಂಡು ಸುಮ್ಮನೆ ಕೂತಳು. ಮೊದಲ ಕೋಟಿಗೆ ಕತ್ತರಿ ಬಿದ್ದಾಗ ಅವಳಿಗೆ ಆದದ್ದು ಖುಷಿಯೇ. ಅದಕ್ಕೆ ಬೇರೆ ಹೆಸರಿಡುವುದು ಬೇಡ. ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ ಅವನು ಹಾ ಎನ್ನುತ್ತಿದ್ದ, ಇವಳು ಕಿಟಕಿಯಾಚೆ ನೋಡುತ್ತಿದ್ದಳು.

ಎಲ್ಲ ಮುಗಿದು ಒಂದು ಬೆಳಿಗ್ಗೆ ಹೋಟೆಲಿಗೆ ಹೋದ ಗಂಟು ಅದೇ ಮಧ್ಯಾಹ್ನ ತಿರುಗಿ ಬಂತು. ಸಪ್ಲೈಯರುಗಳು ಕೋಟು ಹಾಕಿಕೊಂಡು ಗುಂಡಿ ಹಾಕಲಾಗದೆ ತಡಕಾಡಿ, ಆಮೇಲೆ ಒಬ್ಬರನ್ನೊಬ್ಬರು "ಬಾರಮ್ಮ, ಕೂರಮ್ಮ" ಎಂದು ಕರೆದು ಬಿದ್ದುಬಿದ್ದು ನಕ್ಕರಂತೆ. ಮ್ಯಾನೇಜರು ನಗಲಿಲ್ಲವಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಟೈಲರು ಗಂಟನ್ನು ನೆಲಕ್ಕೆ ಎಸೆದು ತಲೆಯ ಮೇಲೆ ಕೈಹೊತ್ತು ಕೂತ. ಆಮೇಲೆ ಏನೋ ನೆನಪಾಗಿ ಸರಕ್ಕನೆ ತಲೆಯೆತ್ತಿದ.

"ನೀನು ಇಲ್ಲೇ ಕೂತು ನೋಡ್ತಾ ಇದ್ಯಲ್ಲೇ! ತಪ್ಪಾಗ್ತಿದೆ ಅಂತ ಒಂದು ಮಾತು ಹೇಳೋಕೇನಾಗಿತ್ತು ನಿನಗೆ?"

"ನಾನು ಸುಮ್ನೆ ಇರೋಳಲ್ವೇನ್ರೀ?"

ಅವಳು ದನಿ ಏರಿಸಲಿಲ್ಲ. "ಡಾಕ್ಟ್ರ ಮುಂದೆ ಆಡಿದ ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆನಾ?" ಎಂದ.

"ಆ ಶರ್ಟಿಗೆ ಕಲೆ ಆಯ್ತಾ?"

"ಯಾವ ಶರ್ಟು?"

"ನಾನು ಬಿದ್ದಾಗ ಮೊದ್ಲು ಎತ್ತಿದ್ರಲ್ಲ, ಅದು."

ಟೈಲರನ ಮುಖದ ರಕ್ತ ಇಳಿದುಹೋಯಿತು. ಗಂಟು ಬಿಚ್ಚಿ, ಒಂದೊಂದೇ ಕೋಟಿನ ಮುಂಭಾಗ ಕಿತ್ತು, ಹೊಸ ಬಟ್ಟೆ ತಂದು ಮತ್ತೆ ಕತ್ತರಿಸಲು ಕೂತ. ಅವಳು ಒಂದು ದಾರವನ್ನೂ ಎತ್ತಿ ಕೊಡಲಿಲ್ಲ. ಆದರೆ ಆ ಸಂಜೆ ಅವನು ಹೇಳಿಸಿಕೊಳ್ಳದೆಯೇ ಎದ್ದು ಬಂದು, ಅವಳಿಗೆ ಮೊದಲು ಬಡಿಸಿ ಮತ್ತೆ ಮೇಜಿಗೆ ಹೋದ.

ಮೂರು ತಿಂಗಳಾದ ಮೇಲೆ ಅದೇ ಆಸ್ಪತ್ರೆ, ಅದೇ ಹಸಿರು ಪರದೆ. ಹೊಲಿಗೆ ನೋಡಿ ಬಂದ ಡಾಕ್ಟರಮ್ಮ, "ಚೆನ್ನಾಗಿ ಮಾಗಿದೆ, ರಕ್ತಾನೂ ಏರಿದೆ. ಇನ್ನು ಕೆಲ್ಸ ಶುರು ಮಾಡ್ಬಹುದು. ಮನೇಲಿ ಏನ್ ಕೆಲ್ಸ ಇರತ್ತೆ ಅಂದ್ರಿ?" ಎಂದರು.

ಪರದೆಯ ಈಚೆ ಸೆರಗು ಸರಿಮಾಡಿಕೊಳ್ಳುತ್ತಿದ್ದ ಅವಳ ಕೈ ಹಾಗೇ ನಿಂತಿತು. ಬಟ್ಟೆಯ ಸಂದಿಯಲ್ಲಿ ಗಂಡನ ಕೈ ಕಾಣಿಸುತ್ತಿತ್ತು, ಬೆರಳಿಗೆಲ್ಲ ಪ್ಲಾಸ್ಟರು.

"ಕಾಜಾ ಮಾಡ್ತಾಳೆ ಡಾಕ್ಟ್ರೇ," ಎಂದ. "ಗುಂಡಿ ಹಾಕ್ತಾಳೆ. ಅಂಗಡಿಯ ಕೈಕೆಲ್ಸ ಪೂರ್ತಿ ಅವಳದೇ. ಅಡುಗೆ ಮಾಡ್ತಾಳೆ, ನೀರು ಹೊರ್ತಾಳೆ. ನಮ್ಮಮ್ಮ ಹಾಸಿಗೆ ಹಿಡಿದಾಗ ನೋಡ್ಕೊಂಡೋಳೂ ಅವಳೇ. ಅವತ್ತು ನಾನು ಸುಮ್ನೆ ಇರ್ತಾಳೆ ಅಂದೆ... ಅದು ಸುಳ್ಳು. ಕಾಯಿಲೆ ಬಿದ್ರೂ ಸುಮ್ನೆ ಕೂರೋಕೆ ನಾನೇ ಬಿಟ್ಟಿರ್ಲಿಲ್ಲ."

ಅವಳು ಪರದೆ ಸರಿಸಿ ಹೊರಗೆ ಬಂದಳು. ಗಂಡನ ಕಣ್ಣು ಒದ್ದೆಯಾಗಿತ್ತು, ಅದರಲ್ಲೇ ಒಂದು ಆಸೆಯೂ ಇತ್ತು. ತಪ್ಪೊಪ್ಪಿಕೊಂಡೆನಲ್ಲ, ಇನ್ನು ಚೀಲ ಅವಳ ಮಡಿಲಿಗೆ ಇಳಿಸಬಹುದು ಎಂಬ ಆಸೆ.

"ಕೇಳಿದ್ರಲ್ಲಮ್ಮ, ಎಲ್ಲಾ ಕೆಲ್ಸಾನೂ ನಿಧಾನವಾಗಿ ಶುರು ಮಾಡಿ," ಎಂದರು ಡಾಕ್ಟರಮ್ಮ.

"ಇಲ್ಲ ಡಾಕ್ಟ್ರೇ," ಎಂದು ಅವಳು ನಕ್ಕಳು. "ಅವರು ಅವತ್ತು ಹೇಳಿದ್ದೇ ಸರಿ. ಇನ್ಮೇಲೆ ನಾನು ಸುಮ್ನೆ ಮನೇಲಿರ್ತೀನಿ."

ಚಪ್ಪಲಿ ಮೆಟ್ಟಿಕೊಂಡು ಅವಳು ಮುಂದೆ ನಡೆದಳು. ಟೈಲರು ಮಾತ್ರೆಯ ಚೀಟಿ, ನೀರಿನ ಬಾಟಲಿ, ಅವಳ ಕೈಚೀಲ ಎಲ್ಲ ಹಿಡಿದುಕೊಂಡು ಹಿಂದಿನಿಂದ ಬಂದ.