ಯಾರದೂ ಅಲ್ಲದ ಪದ

ಹೋದ ತಿಂಗಳು ಹುಣಸೂರಿನಲ್ಲಿ ನನ್ನ ತಮ್ಮನ ಮಗಳ ಮದುವೆ. ಎಲೆಗೆ ಒಬ್ಬಟ್ಟು ಬಿದ್ದು, ಅದರ ಮೇಲೆ ತುಪ್ಪ ಬಿದ್ದು, ನಾನು ಇನ್ನೇನು ಕೈ ಹಾಕಬೇಕು, ಅಷ್ಟರಲ್ಲಿ ಮಹಡಿಯ ಹಾಲಿನಿಂದ ಒಂದು ಹಾಡು ಇಳಿದು ಬಂತು. ‘ಮರದ ಮೇಲಿನ ಹಕ್ಕಿ ಹಾರಿಹೋಯ್ತು.’ ಹಾಡಿನ ಜೊತೆಗೆ ಧಡಧಡ ಡ್ರಮ್ಮು, ನಡುನಡುವೆ ಯಾರದೋ ಸಿಳ್ಳೆ. ನಾನು ಒಬ್ಬಟ್ಟು ಬಿಟ್ಟು ಎದ್ದೆ. ಒಬ್ಬಟ್ಟು ಬಿಟ್ಟು ಎದ್ದವನಲ್ಲ ನಾನು. ನನ್ನ ಹೆಂಡತಿ ಗಾಬರಿಯಾಗಿ, ‘ಎದೆ ನೋವೇನ್ರೀ?’ ಅಂದಳು. ಒಂದು ರೀತಿಯಲ್ಲಿ ಹೌದು.

ಮೇಲೆ ಹೋದರೆ ಮದುಮಗಳ ಗೆಳತಿಯರು ಸಾಲಾಗಿ ನಿಂತು ಕೈಯನ್ನು ರೆಕ್ಕೆ ಮಾಡಿಕೊಂಡು ಕುಣಿಯುತ್ತಿದ್ದರು. ದಪ್ಪ ಮೀಸೆಯ ಮೈಕಿನವನನ್ನು ಕೇಳಿದೆ: ‘ಯಾರದ್ದಪ್ಪಾ ಈ ಹಾಡು?’

‘ಯಾರ್ದೂ ಅಲ್ಲ ಸಾರ್. ಜನಪದ.’

ಯಾರದೂ ಅಲ್ಲ! ಬೀದಿಯಲ್ಲಿ ಬಿದ್ದ ಚಪ್ಪಲಿಯೂ ಯಾರದ್ದೋ ಕಾಲಿನದು. ಅವನ ಮೇಲೆ ರೇಗಿದೆ. ಆಮೇಲೆ ತಿಳಿಯಿತು, ರೇಗಬೇಕಾದದ್ದು ಅವನ ಮೇಲಲ್ಲ. ಅವನು ಹೇಳಿದ ಮಾತನ್ನು ಮೂವತ್ತು ವರ್ಷದ ಹಿಂದೆ ಅಚ್ಚು ಹಾಕಿಸಿದವನೇ ನಾನು. ಅದನ್ನೂ ಹೇಳುತ್ತೇನೆ, ತಡೆಯಿರಿ.

ಆಗ ನಾನು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡ್ ಎದುರಿಗೆ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ರಿಪೇರಿಯೂ ಉಂಟು, ರೆಕಾರ್ಡಿಂಗೂ ಉಂಟು. ಹೊಗೆಸೊಪ್ಪಿನ ಹರಾಜಿನ ದಿನಗಳಲ್ಲಿ ಅಂಗಡಿ ತುಂಬ ರೈತರು. ಕ್ಯಾಸೆಟ್ಟುಗಳಿಗೂ ಹೊಗೆಸೊಪ್ಪಿನ ವಾಸನೆ. ಒಂದು ದಿನ ಬೆಟ್ಟದಪುರದ ಕಡೆಯ ಹೆಂಗಸೊಬ್ಬಳು ಟೇಪ್‌ರೆಕಾರ್ಡರನ್ನು ಟವಲಿನಲ್ಲಿ ಮಗುವಿನಂತೆ ಸುತ್ತಿಕೊಂಡು ಬಂದಳು. ಒಳಗೆ ಟೇಪು ಸಿಕ್ಕಿಕೊಂಡಿತ್ತು. ನಾನು ಬಿಚ್ಚುತ್ತಾ ಕೂತಿರುವಾಗ ಅವಳು ಹೊತ್ತು ಹೋಗಲೆಂದು ಮೆಲ್ಲಗೆ ಗುನುಗಿದಳು. ನನ್ನ ಸ್ಕ್ರೂಡ್ರೈವರ್ ನಿಂತುಬಿಟ್ಟಿತು. ಅವಳೇ ಸಾಕಮ್ಮ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಆವತ್ತಿನಿಂದ ನನಗೆ ಸಾಕಕ್ಕ. ಅಕ್ಕಂದಿರಿಗೆ ಬಹುವಚನ ಹಚ್ಚುವ ರೂಢಿ ನಮ್ಮಲ್ಲಿಲ್ಲ, ಕ್ಷಮಿಸಬೇಕು.

ಸಾಕಕ್ಕ ಹಾಡುಗಾರ್ತಿ ಆದದ್ದು ಯಾವ ಗುರುವಿನ ಬಳಿಯೂ ಅಲ್ಲ. ಅವಳ ಅವ್ವ ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸಿ ಕಟ್ಟುವಾಗ ಎಲೆ ಎತ್ತಿ ಎತ್ತಿ ಕೊಡುತ್ತಿದ್ದವಳು ಇವಳು. ಎಲೆ ಕೊಡುವ ಲಯಕ್ಕೆ ಪದ, ಪದದ ಲಯಕ್ಕೆ ಎಲೆ. ಮದುವೆಯಾಗಿ ಕೆ.ಆರ್. ನಗರದ ಕಡೆಯ ನಾಲೆ ಊರಿಗೆ ಹೋದಳು. ಅತ್ತೆ ಮೊದಲ ದಿನವೇ ಅಂದಳಂತೆ: ‘ನಮ್ಮನೇಲಿ ಎಣ್ಮಕ್ಳು ಬಾಯಿ ಬುಡಾಕಿಲ್ಲ.’ ಎರಡು ವರ್ಷ ಬಾಯಿ ಕಟ್ಟಿಕೊಂಡು ಬದುಕಿದಳು. ಒಂದು ನಾಟಿಯ ದಿನ, ಕೆಸರಿನಲ್ಲಿ ಬಗ್ಗಿ ಪೈರು ನೆಡುತ್ತಾ ಮರೆತು ಹಾಡಿಬಿಟ್ಟಳು. ಸಾಲಿನ ಹೆಂಗಸರು ಸೊಲ್ಲು ಹಿಡಿದರು. ಮಾರನೆಯ ದಿನ ಪಕ್ಕದ ಗದ್ದೆಗೆ ಹೋಗಬೇಕಾದವರೂ ಇವರ ಗದ್ದೆಗೇ ಬಂದು ಇಳಿದರು. ಅತ್ತೆ ಬದುವಿನ ಮೇಲೆ ನಿಂತು ನೋಡಿದಳು, ಲೆಕ್ಕಾಚಾರ ಮಾಡಿದಳು, ಕೊನೆಗೆ ಅಂದಳು: ‘ನಿಲ್ಲುಸ್ಬ್ಯಾಡ ಕಣವ್ವ. ಆ ಮೂಲೆ ಮುಗೀಗಂಟ ಆಡು.’

ಹೀಗೆ ಶುರುವಾಯಿತು. ನಾಟಿಗೆ ಕರೆದರು, ಆಮೇಲೆ ಸೋಬಾನೆಗೆ ಕರೆದರು, ಸುತ್ತಲ ಹಳ್ಳಿಗಳಲ್ಲಿ ಸಾಕಮ್ಮ ಬಾರದೆ ಹೆಣ್ಣಿಗೆ ಅರಿಶಿನ ಹಚ್ಚುವುದಿಲ್ಲ ಅನ್ನುವಂತಾಯಿತು. ಒಂದು ಹೆಣ್ಣುಮಗು ಹುಟ್ಟಿತು. ಅವ್ವ ಜಗಲಿಯಲ್ಲಿ ಅಕ್ಕಿ ಕೇರುವಾಗ ಪಕ್ಕದಲ್ಲಿ ಕೂತು, ಮೊರಕ್ಕೆ ಬರುವ ಗುಬ್ಬಿಗಳನ್ನು ಓಡಿಸುವುದು ಆ ಮಗುವಿನ ಉದ್ಯೋಗ. ಓಡಿಸಿದ್ದಕ್ಕೆ ಕೂಲಿ ಒಂದು ಹಿಡಿ ಅಕ್ಕಿ, ಬಾಯಿಗೆ. ಆ ಮಗು ಜ್ವರ ಬಂದು ಮೂರೇ ದಿನಕ್ಕೆ ಹೋಯಿತು. ತಿಂಗಳ ಮೇಲೆ ಸಾಕಕ್ಕ ಮತ್ತೆ ಮೊರ ಹಿಡಿದು ಕೂತಾಗ ಗುಬ್ಬಿ ಬಂತು, ಅಕ್ಕಿ ತಿಂತು, ಓಡಿಸುವವರು ಇರಲಿಲ್ಲ. ಆಗ ಕಟ್ಟಿದ ಪದ ಇದು:

ಮೊರದ ಮ್ಯಾಗಳ ಅಕ್ಕಿ ಆರೋಯ್ತು
ಗೂಡಿನ ಒಳಗಳ ದೀಪ ಆರೋಯ್ತು
ಆರೋದ ಮ್ಯಾಲೆ ಏನದೆ ಯೋಳವ್ವ
ಬರಿಮೊರ ಅದೆ, ಬರಿಗೂಡದೆ

ನಮ್ಮ ಕಡೆ ನಾಲಿಗೆಗೆ ಹಕಾರ ಹತ್ತುವುದಿಲ್ಲ, ನಿಮಗೆ ಗೊತ್ತಲ್ಲ. ಹಕ್ಕಿಯೂ ಅಕ್ಕಿ, ಅಕ್ಕಿಯೂ ಅಕ್ಕಿ. ಹಾರಿ ಹೋದರೂ ಆರೋಯ್ತು, ದೀಪ ಆರಿ ಹೋದರೂ ಆರೋಯ್ತು. ಗೂಡು ಹಕ್ಕಿಯದ್ದೂ ಹೌದು, ಗೋಡೆಯಲ್ಲಿ ದೀಪ ಇಡುವ ಗೂಡೂ ಹೌದು. ನಾಲ್ಕು ಸಾಲಿನಲ್ಲಿ ಮೊರ, ಗುಬ್ಬಿ, ದೀಪ, ಮಗು ಎಲ್ಲ ಒಟ್ಟಿಗೆ ಹೊರಟುಹೋಗುತ್ತವೆ. ‘ತಾನಾಗೇ ಬಂತಾ ಸಾಕಕ್ಕ?’ ಅಂತ ಒಮ್ಮೆ ಕೇಳಿದ್ದೆ. ಅವಳಿಗೆ ಸಿಟ್ಟು ಬಂತು. ‘ತಾನಾಗೇ ಬರಾಕೆ ಅದೇನ್ ಕೆಮ್ಮಾ? ಮೂರ್ ದಿನ ಕೂತು ಕಟ್ದೆ ಕಣ್ಲಾ.’

ಅವಳ ಅಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಮುಂದೆ ಗಂಡ ಹೆಂಡತಿ ಅವಳ ತವರಿಗೆ, ಬೆಟ್ಟದಪುರದ ಕಡೆಗೇ ಬಂದು ಬೇಸಾಯಕ್ಕೆ ನಿಂತರು. ಅಲ್ಲಿಂದಲೇ ಟೇಪ್‌ರೆಕಾರ್ಡರ್ ನನ್ನ ಅಂಗಡಿಗೆ ಬಂದದ್ದು. ಆಗ ನನಗೆ ಕಲಾಪೋಷಣೆಯ ಹುಚ್ಚು. ಎಚ್.ಡಿ. ಕೋಟೆಯಲ್ಲಿ ಯಾವುದೋ ಸಂಘದವರು ಜಾನಪದ ಗಾಯನ ಸ್ಪರ್ಧೆ ಇಟ್ಟಿದ್ದರು. ಬೇಡ ಬೇಡ ಅಂದವಳನ್ನು ನಾನೇ ಎರಡು ಬಸ್ಸು ಬದಲಾಯಿಸಿ ಕರೆದುಕೊಂಡು ಹೋದೆ. ಸಾಕಕ್ಕ ಕಣ್ಣು ಮುಚ್ಚಿ ಈ ಪದ ಹಾಡಿದಳು. ಹಿಂದಿನ ಬೆಂಚಿನ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಮೂವರು ತೀರ್ಪುಗಾರರಲ್ಲಿ ಮಧ್ಯದವರು ಪೇಟೆಯಿಂದ ಬಂದ ಗಾಯಕರು, ರೇಷ್ಮೆ ಜುಬ್ಬ. ಅವರು ಮೈಕು ಎಳೆದುಕೊಂಡು ಅಂದರು: ‘ಕಂಠ ಚೆನ್ನಾಗಿದೆಯಮ್ಮ. ಉಚ್ಚಾರ ಶುದ್ಧವಿಲ್ಲ. ಅಕ್ಕಿ ಅಲ್ಲ, ಹಕ್ಕಿ. ಹಕ್ಕಿ ಮೊರದ ಮೇಲೆ ಹೇಗೆ ಕೂರುತ್ತೆ? ಮರ ಇರಬೇಕು ಅದು.’

ಜಾನಪದ ಸ್ಪರ್ಧೆಯಲ್ಲಿ ಜನಪದದವಳಿಗೆ ಉಚ್ಚಾರದ ಪಾಠ! ಮೀನಿಗೆ ಈಜು ಬರುವುದಿಲ್ಲ ಅಂತ ದಡದಲ್ಲಿ ನಿಂತು ಹೇಳಿದ ಹಾಗೆ. ಇವತ್ತು ನೆನೆದರೂ ನನ್ನ ಕಿವಿ ಬಿಸಿಯಾಗುತ್ತದೆ. ಸಾಕಕ್ಕ ಮೈಕಿನಲ್ಲೇ ಅಂದಳು: ‘ಮರ ಅಲ್ಲ ಸ್ವಾಮಿ, ಮೊರ. ನಮ್ಮಟ್ಟೀಲಿ ಕೂತಿತ್ತು, ನಾ ಕಣ್ಣಾರ ಕಂಡಿವ್ನಿ.’ ಸಭೆ ನಕ್ಕಿತು. ಸಮಾಧಾನಕರ ಬಹುಮಾನವೂ ಬರಲಿಲ್ಲ. ನಾನು ಎದ್ದು ನಿಂತು ಮಾತಾಡಬೇಕಿತ್ತು. ಮಾತಾಡಲಿಲ್ಲ. ರೇಷ್ಮೆ ಜುಬ್ಬಕ್ಕೆ ಹೆದರುವ ಕಾಲ ಅದು, ನನ್ನದು.

ಅಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಅವಮಾನ ತೀರಿಸಲೆಂದು ನಾನೇ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಕಂಬಳಿ ಕಟ್ಟಿ, ಅವಳ ಎಂಟು ಪದ ರೆಕಾರ್ಡ್ ಮಾಡಿದೆ. ಹೊದಿಕೆಗೆ ಬಣ್ಣದ ಕಾಗದ ಅಚ್ಚು ಹಾಕಿಸಿದೆ. ನನ್ನ ಅಂಗಡಿಯ ಹೆಸರು ದಪ್ಪಕ್ಷರದಲ್ಲಿ. ವಿಳಾಸ. ಒಂದು ಕಮಲದ ಹೂವಿನ ಚಿತ್ರ, ಅದು ಯಾಕೋ ದೇವರೇ ಬಲ್ಲ. ಕೆಳಗೆ, ‘ಜನಪದ ಗೀತೆಗಳು’. ಸಾಕಮ್ಮನ ಹೆಸರು ಎಲ್ಲಿಯೂ ಇಲ್ಲ. ಬಿಟ್ಟುಹೋದದ್ದಲ್ಲ. ಜನಪದಕ್ಕೆ ಹೆಸರೇಕೆ ಅಂತ ಯೋಚಿಸಿಯೇ ಬಿಟ್ಟದ್ದು. ದೊಡ್ಡ ತಿಳಿವಳಿಕಸ್ಥ ನಾನು!

ಕೆಲವು ತಿಂಗಳ ಮೇಲೆ ಅದೇ ಜುಬ್ಬದವರು ಮಡಿಕೇರಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದರು. ಎಷ್ಟು ವಿನಯ! ‘ನಿಮ್ಮ ಸೇವೆ ದೊಡ್ಡದು’ ಅಂದರು. ನಾನು ಉಬ್ಬಿಹೋಗಿ ಕಾಫಿ ತರಿಸಿ, ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಕೊಟ್ಟೆ. ಮರುವರ್ಷ ಅವರ ಕ್ಯಾಸೆಟ್ ಬಂತು. ‘ಸಂಗ್ರಹ ಮತ್ತು ಗಾಯನ’ ಅಂತ ಅವರ ಹೆಸರು. ಮೊದಲ ಹಾಡು, ‘ಮರದ ಮೇಲಿನ ಹಕ್ಕಿ ಹಾರಿಹೋಯ್ತು, ಗೂಡಿನ ಒಳಗೆ ಮರಿಯೆದ್ದಿತು.’ ಉಚ್ಚಾರ ಬಹಳ ಶುದ್ಧ. ದೀಪದ ಜಾಗದಲ್ಲಿ ಮರಿ ಬಂದಿತ್ತು, ದುಃಖದ ಜಾಗದಲ್ಲಿ ತಬಲ ಬಂದಿತ್ತು. ಸಾಕಕ್ಕನಿಗೆ ಕೇಳಿಸಿದೆ. ಕೊನೆಯವರೆಗೂ ಕೇಳಿ ಅಂದಳು:

‘ಪದ ಸಂದಾಗದೆ ಕಣಪ್ಪ. ನನ್ ಮಗೀನೇ ಇಲ್ಲ ಅದ್ರಲ್ಲಿ.’

ಅಂದಿನಿಂದ ಅವಳು ಆ ಪದ ಹಾಡಿದ್ದನ್ನು ನಾನು ಕೇಳಲಿಲ್ಲ. ನಾನು ಅಂಗಡಿ ಮುಚ್ಚಿದೆ, ಕ್ಯಾಸೆಟ್ಟುಗಳ ಕಾಲವೇ ಮುಗಿಯಿತು. ಆ ಹಾಡು ಮಾತ್ರ ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಹೋಗಿ ಹುಣಸೂರಿನ ಮದುವೆಮನೆಗೆ ಬಂದು ನಿಂತಿತ್ತು.

ಮದುವೆಯ ಮರುದಿನವೇ ಬೆಟ್ಟದಪುರದ ಬಸ್ಸು ಹತ್ತಿದೆ. ಸಾಕಕ್ಕ ಹಟ್ಟಿಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದೆ, ಗಂಟಲು ಮಾತ್ರ ಹಾಗೇ. ನಾನು ಕೂತವನೇ ಶುರುಮಾಡಿದೆ: ಪತ್ರಿಕೆಗೆ ಬರೆಯೋಣ, ಆ ಮಹಾನುಭಾವನಿಗೆ ನೋಟೀಸು ಕಳಿಸೋಣ, ನಿನ್ನ ಹೆಸರು ಬರಲೇಬೇಕು. ಅವಳು ಕಾಯಿ ಸುಲಿಯುತ್ತಲೇ ಕೇಳಿದಳು.

‘ಅದ್ನ ಆಕ್ದಾಗ ಜನ ಏನ್ ಮಾಡ್ತಿದ್ರು?’

‘ಕುಣೀತಿದ್ರು.’

ಕೈ ನಿಂತಿತು. ಮುಖ ಕೆಂಪಾಯಿತು. ಸಾಕಕ್ಕನ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ ಅಂತ ಆಗ ಗೊತ್ತಾಯಿತು. ‘ಮತ್ತೆ ಯಾವತ್ತು ಸೇರ್ತಾರೆ ಅವ್ರು?’

‘ಭಾನುವಾರ ಬೀಗರೂಟ, ನನ್ ತಮ್ಮನ ಮನೇಲಿ.’

‘ಬತ್ತೀನಿ ನಾನು.’

ಬಂದಳು. ಅಲ್ಲಿಗೂ ಅದೇ ಮೀಸೆಯವನ ಮೈಕು ಬಂದಿತ್ತು. ಊಟಕ್ಕೆ ಮುಂಚೆ ನೆಟ್ಟಗೆ ಅದರ ಹತ್ತಿರ ಹೋದಳು. ಆ ಪದವನ್ನು ಅದರ ನಿಜವಾದ ದುಃಖದಲ್ಲಿ ಹಾಡಿ ಎಲ್ಲರನ್ನೂ ಅಳಿಸುತ್ತಾಳೆ ಅಂತ ನಾನು ಕಾದಿದ್ದೆ. ಸುಳ್ಳೇಕೆ, ಅವರೆಲ್ಲ ನಾಚಿ ತಲೆ ತಗ್ಗಿಸುವುದನ್ನು ನೋಡಲು ಮುಂದಿನ ಕುರ್ಚಿಯನ್ನೇ ಹಿಡಿದಿದ್ದೆ. ಸಾಕಕ್ಕ ಅಂದಳು:

‘ಮೊನ್ನೆ ನೀವು ಒಂದ್ ಪದ ಆಕಿ ಕುಣುದ್ರಂತೆ. ಅದು ನಂದು. ಸತ್ತೋದ ನನ್ ಮಗೀಗೆ ನಾನು ಕಟ್ಟಿದ್ದು. ಮದ್ವೆಮನೇಲಿ ಅದ್ನ ಆಡಬಾರ್ದು, ಎಣ್ಣಿಗೆ ಒಳ್ಳೇದಲ್ಲ. ನಾನೂ ಆಡಾಕಿಲ್ಲ. ನಿಮ್ಗೆ ಬೇಕಾದ್ರೆ ಮದ್ವೆ ಪದ ನಂತಾವ ನೂರವೆ, ತಕ್ಕಳಿ.’

ಹಾಗಂದು ಮದುಮಗಳನ್ನು ಎದುರಿಗೆ ಕೂರಿಸಿಕೊಂಡು ಒಂದು ಸೋಬಾನೆ ಹಾಡಿದಳು. ಅತ್ತೆಯನ್ನು ಹಂಗಿಸುವ ತುಂಟ ಪದ. ಬೀಗಿತ್ತಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಮುಗಿದ ಮೇಲೆ ನನ್ನ ತಮ್ಮನ ಮಗಳು ಅವಳ ಕೈ ಹಿಡಿದುಕೊಂಡು ಕೇಳಿದಳು: ‘ಪಾಪೂ ಹೆಸರೇನಿತ್ತು ಅಜ್ಜಿ?’

‘ಮಾದೇವಿ. ನಾಕು ತುಂಬಿರ್ನಿಲ್ಲ.’

ನಾನು ಕುರ್ಚಿಯಲ್ಲಿ ಕೂತಲ್ಲೇ ಕುಗ್ಗಿದೆ. ಮೂವತ್ತು ವರ್ಷ. ಪದಕ್ಕೆ ಎಷ್ಟು ಸೊಲ್ಲು ಅಂತ ಕೇಳಿದ್ದೆ, ಯಾವ ಧಾಟಿ ಅಂತ ಕೇಳಿದ್ದೆ, ಎಷ್ಟು ದಿನಕ್ಕೆ ಕಟ್ಟಿದೆ ಅಂತ ಕೇಳಿದ್ದೆ. ಈ ಒಂದು ಮಾತು ಕೇಳಲು ನಿನ್ನೆ ಮೊನ್ನೆ ಹಸೆಗೆ ಕೂತ ಹುಡುಗಿ ಬರಬೇಕಾಯಿತು.

ಮೀಸೆಯ ಮೈಕಿನವನು ಫೋನು ಹಿಡಿದು ಸಾಕಕ್ಕನ ಬಳಿ ಬಂದ. ‘ಮದ್ವೆ ಪದಗಳ ಪಟ್ಟಿಯಿಂದ ಅದ್ನ ತೆಗ್ದಿವ್ನಿ ಕಣವ್ವ, ನೋಡು’ ಅಂದ. ಅವಳಿಗೆ ಓದು ಬಾರದು. ಆದರೂ ಫೋನನ್ನು ಕೈಗೆ ತೆಗೆದುಕೊಂಡು ನೋಡಿದಳು, ‘ಸರಿ’ ಅಂದು ವಾಪಸು ಕೊಟ್ಟಳು. ಒಂದು ಫೋನಿನಿಂದ ಹೋಯಿತು. ಇನ್ನು ಎಷ್ಟು ಲಕ್ಷ ಫೋನುಗಳಿವೆಯೋ. ಜುಬ್ಬದವರಿಗೆ ನಾನು ಬರೆದ ಕಾಗದಕ್ಕೆ ಇವತ್ತಿನವರೆಗೆ ಉತ್ತರವಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಎಲ್ಲಾದರೂ ಆ ಹಾಡು ಕೇಳಿಬಂದರೆ, ಯಾರಾದರೂ ಅದು ಯಾರದೂ ಅಲ್ಲ ಅಂದರೆ, ಸುಮ್ಮನಿರಬೇಡಿ. ಸಾಕಮ್ಮನ ಮಗಳು ಮಾದೇವಿಯದು ಅನ್ನಿ.